ಅಂಬುಜಾಳ ಕಪ್ಪು ಚೌಕ

ಪ್ರತಾಪ್ ಆ ಚೌಕವನ್ನು ಪ್ರೀತಿಯಿಂದಲೇ ಕೆರೆಸಿದ್ದ. ಎಡವಟ್ಟಾದದ್ದೇ ಅಲ್ಲಿ.

ಚೆನ್ನೈನ ಮಣಲಿ ದಾಟಿದ ಮೇಲೆ, ಸಮುದ್ರದ ನೀರು ಒಳನುಗ್ಗುವ ಅಳಿವೆಯ ದಂಡೆ ಅದು. ಹಡಗೊಂದರಿಂದ ಸೋರಿದ ಎಣ್ಣೆ ಉಬ್ಬರದ ನೀರಿನ ಜೊತೆ ಬಂದು ಕೆಸರಿಗೆಲ್ಲ ಮೆತ್ತಿಕೊಂಡಿತ್ತು. ಅದನ್ನು ಬಳಿದು ತೆಗೆಯುವ ಗುತ್ತಿಗೆ ಕಂಪನಿಯಲ್ಲಿ ಪ್ರತಾಪ್ ಎಂಜಿನಿಯರ್. ತುಮಕೂರಿನವನು, ಊರಿಗೆ ಹೊಸಬ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಅಂಬುಜಾ ಅದೇ ದಂಡೆಯಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಹಗ್ಗ ಕಟ್ಟಿ ಎರಡು ಚೌಕ ಮಾಡಿಕೊಂಡಿದ್ದಳು. ಒಂದು ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು, ಇನ್ನೊಂದು ಕರ್ರಗೆ ಹಾಗೇ ಇತ್ತು.

ಬೆಳಿಗ್ಗೆ ಬೆಳಿಗ್ಗೆ ಅವಳು ಆ ಕಪ್ಪು ಚೌಕದ ಮುಂದೆ ನಿಂತು ಮುಖ ಗಂಟಿಕ್ಕಿಕೊಳ್ಳುವುದನ್ನು ಅವನು ಗಮನಿಸಿದ್ದ. ಅವಳ ಮುಖ ಗಮನಿಸುವುದೇ ಅವನಿಗೆ ಅರ್ಧ ಕೆಲಸವಾಗಿತ್ತು, ಆ ಮಾತು ಬೇರೆ. ಪಾಪ, ಇದೊಂದರಲ್ಲಿ ಸೋತಿದ್ದಾಳೆ ಎಂದು ಅವನ ಕರುಳು ಚುರ್ ಎಂದಿತು. ಅವಳು ರಜೆ ಹಾಕಿದ ದಿನ ಆಳುಗಳನ್ನು ನಿಲ್ಲಿಸಿ ಅದನ್ನು ಕೆರೆಸಿ, ತೊಳೆಸಿ, ಸುತ್ತಲಿನ ಹಗ್ಗವನ್ನೂ ಸೋಪು ಹಾಕಿ ಉಜ್ಜಿಸಿದ.

ಮಾರನೆಯ ಬೆಳಿಗ್ಗೆ ದೋಣಿಯಿಂದಿಳಿದ ಅಂಬುಜಾ ಹಗ್ಗದ ಬಳಿ ಬಂದು ನಿಂತೇಬಿಟ್ಟಳು. ತಲೆಗೆ ಕಟ್ಟಿದ್ದ ದುಪಟ್ಟಾ ಜಾರಿ ಹೆಗಲಿಗೆ ಬಿತ್ತು.

"ಯಾರು ಮಾಡಿದ್ದು ಇದು?"

"ನಾನೇ ಕಣ್ರೀ!" ಪ್ರತಾಪನ ಮುಖ ಊರಗಲವಾಗಿತ್ತು. "ಥ್ಯಾಂಕ್ಸ್ ಎಲ್ಲ ಏನೂ ಬೇಡ."

"ಅಯ್ಯೋ ಕಡವುಳೇ! ಪ್ರತಾಪ್, ಅದು ಹೋಲಿಸಿ ನೋಡೋಕೆ ಅಂತ ಏನೂ ಹಾಕದೆ ಬಿಟ್ಟಿದ್ದ ಚೌಕ. ಅದು ಕಪ್ಪಗೇ ಇರಬೇಕಿತ್ತು!"

"ಮತ್ತೆ... ನೀವು ದಿನಾ ಅದರ ಮುಂದೆ ನಿಂತು ಮುಖ ಗಂಟು ಹಾಕ್ಕೊತಿದ್ದದ್ದು?"

"ಬಿಸಿಲು ಪಾ! ಕಣ್ಣಿಗೆ ಬಿಸಿಲು ಹೊಡೀತಿತ್ತು!"

ಪ್ರತಾಪನಿಗೆ ಕಾಲಡಿಯ ಕೆಸರು ಬಾಯ್ತೆರೆದರೆ ಸಾಕು ಎನಿಸಿತು. ಅವಳ ಸಿಟ್ಟಿಗಿಂತ ಅವಳ ಕಣ್ಣಲ್ಲಿ ತುಂಬಿದ ನೀರು ನೋಡುವುದು ಕಷ್ಟವಾಯಿತು.

"ಸೋಮವಾರ ಮಾಲಿನ್ಯ ಮಂಡಳಿ ಅಧಿಕಾರಿ ಬರ್ತಾರೆ," ಎಂದಳು ಅವಳು, ದನಿ ತಗ್ಗಿಸಿ. "ಆಚೆ ದಡದಲ್ಲಿ ಉಪ್ಪುನೀರಲ್ಲೇ ಬೇರು ಬಿಟ್ಟಿರೋ ಕಾಂಡ್ಲಾ ಗಿಡಗಳ ಒಳಗೆ ನಿಮ್ಮ ಗುದ್ದಲಿ ಇಳೀಬೇಕಾ, ಇಲ್ಲಾ ಬ್ಯಾಕ್ಟೀರಿಯಾಗೇ ಬಿಡಬೇಕಾ ಅಂತ ಅವತ್ತೇ ತೀರ್ಮಾನ. ಗುದ್ದಲಿ ಇಳಿದ್ರೆ ಆ ಬೇರುಗಳು ಉಳಿಯಲ್ಲ. ಈಗ ನಾನು ಏನು ತೋರಿಸಲಿ? ಎಣ್ಣೆ ಅಲೆಗೆ ತೊಳೆದುಹೋಯ್ತು, ನಿನ್ನ ಬ್ಯಾಕ್ಟೀರಿಯಾ ಏನು ಕಿಸೀತು ಅಂತಾರೆ."

ಅಷ್ಟು ಹೇಳಿ ಹೋದವಳು ಮತ್ತೆ ಅವನ ಕಡೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನದ ಊಟ ಅವನಿಗೆ ಸೇರಲಿಲ್ಲ. ನಿನ್ನೆ ಮೊನ್ನೆಯವರೆಗೆ ಇಬ್ಬರೂ ದೋಣಿಯ ನೆರಳಲ್ಲಿ ಕೂತು ಉಣ್ಣುತ್ತಿದ್ದರು. ಅವಳು ತನ್ನ ವತ್ತಕೊಳಂಬು ಸಾರನ್ನು ಅವನ ಡಬ್ಬಿಗೆ ಬಡಿಸುತ್ತ ಪಾಠ ಮಾಡುತ್ತಿದ್ದಳು.

"ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಸಮುದ್ರದಲ್ಲಿ ಯಾವಾಗ್ಲೂ ಇರುತ್ತೆ, ಆದ್ರೆ ಸ್ವಲ್ಪ. ಎಣ್ಣೆ ಬಂದ ಕೂಡ್ಲೆ ಅದಕ್ಕೆ ಹಬ್ಬ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತೆ. ಆದ್ರೆ ಎಣ್ಣೆ ಬರೀ ಅನ್ನ ಇದ್ದ ಹಾಗೆ. ಬರೀ ಅನ್ನ ಎಷ್ಟು ತಿಂತೀರಿ ನೀವು?"

"ಎರಡು ತುತ್ತು."

"ಹ್ಞಾ! ನಾನು ಅಳತೆ ನೋಡಿ ಹಾಕೋ ಗೊಬ್ಬರನೇ ಅದಕ್ಕೆ ಸಾರು. ಮತ್ತೆ ಗಾಳಿ ಬೇಕು. ಗಾಳಿ ಆಡದಿದ್ರೆ ಊಟ ಅಲ್ಲಿಗೇ ನಿಂತ ಹಾಗೆ."

ಅವನು ಸಾರಿನ ಮೇಲೆ ಕಣ್ಣಿಟ್ಟಂತೆ ನಟಿಸುತ್ತಾ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವಳಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಸಂಜೆ ಕಂಪನಿಯ ಮೇಲಧಿಕಾರಿ ಜಯರಾಮನ ಫೋನು ಬಂತು.

"ಆಚೆ ದಡ ನಮಗೆ ಸಿಕ್ತು ಅಂತಿಟ್ಕೋ, ಬೇಸಿಗೆ ಪೂರ್ತಿ ಚೆನ್ನೈಲೇ ಇರ್ತೀಯ. ಸಿಗದಿದ್ರೆ ಮುಂದಿನ ವಾರವೇ ಕಾಕಿನಾಡ. ಸೋಮವಾರ ಸರಿಯಾಗಿ ಮಾತಾಡಪ್ಪ."

ಬೇಸಿಗೆ ಪೂರ್ತಿ! ಅವಳಿರುವ ಊರಿನಲ್ಲಿ, ಅವಳಿರುವ ದಂಡೆಯಲ್ಲಿ. ಆಸೆ ಯಾರಿಗೆ ಬೇಡ? ಅವಳು ಸೋತರೆ ತಾನು ಉಳಿಯುತ್ತೇನೆ ಎಂಬ ಲೆಕ್ಕ ಒಂದು ಕ್ಷಣ ಅವನ ತಲೆಯಲ್ಲಿ ಸುಳಿಯಿತು. ಸುಳಿದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅವನು ನಿಂತಿದ್ದದ್ದು ಕೆಸರು ತುಂಬಿದ ಪ್ಲಾಸ್ಟಿಕ್ ಚೀಲಗಳ ರಾಶಿಯ ಪಕ್ಕ. ಎಣ್ಣೆ ಬಂದ ಮೊದಲ ವಾರ ಬಾಚಿ, ಬಾಯಿ ಬಿಗಿದು ಇಟ್ಟವು, ಇನ್ನೂ ಸಾಗಿಸಿರಲಿಲ್ಲ. ಒಂದು ಚೀಲ ಆಗಷ್ಟೇ ಹರಿದಿತ್ತು. ಒಳಗಿನ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು, ಎಣ್ಣೆ ಬಂದ ದಿನ ಹೊಡೆದ ಹಾಗೆಯೇ. ಪ್ರತಾಪ್ ಬಗ್ಗಿ ಮತ್ತೊಮ್ಮೆ ಮೂಸಿದ. ಈ ಕೆಸರು ಅಂಬುಜಾಳ ಚೌಕಗಳ ಪಕ್ಕದ್ದೇ. ಅವಳು ಗೊಬ್ಬರ ಹಾಕಿದ ಚೌಕಕ್ಕೆ ಬಗ್ಗಿದರೆ ಈಗ ಬರುವುದು ಉಪ್ಪುನೀರಿನ ವಾಸನೆ. ಚೀಲದೊಳಗೆ ಗಾಳಿ ಇಲ್ಲ, ಊಟವೂ ನಿಂತಿದೆ.

ಶನಿವಾರ ಅವನು ಬಾಯಿ ಬಿಗಿದಿದ್ದ ಇನ್ನೊಂದು ಚೀಲ ಹೊತ್ತು ಅವಳ ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಅಂಬುಜಾ ಮೊದಲು ಚೀಲ ನೋಡಿದಳು, ಆಮೇಲೆ ಅವನನ್ನು. ಅವನ ಅಂಗಿಯೆಲ್ಲ ಎಣ್ಣೆ.

"ಇದೇನು, ಸಮಾಧಾನಕ್ಕೆ ಕಾಣಿಕೆನಾ?"

"ಬಿಚ್ಚಿ ನೋಡಿ. ನಾವು ಕ್ಲೀನ್ ಮಾಡಿದ್ವಿ ಅಂದ್ಕೊಂಡಿದ್ದ ಎಣ್ಣೆ ಎಲ್ಲೂ ಹೋಗಿಲ್ಲ. ನಿಮ್ಮ ಚೌಕದಲ್ಲಿ ಕರಗಿದ್ದು ಇಲ್ಲಿ ಹಾಗೇ ಕೂತಿದೆ."

ಅವಳು ಬಿಚ್ಚಿದಳು, ಮೂಸಿದಳು, ಮಾದರಿ ತೆಗೆದುಕೊಂಡಳು. ಯಂತ್ರದಿಂದ ಫಲಿತಾಂಶ ಬರುವವರೆಗೆ ಅವನು ಹೊರಗಿನ ಬೆಂಚಿನಲ್ಲೇ ಕೂತಿದ್ದ. ಕೊನೆಗೆ ಅವಳು ಎರಡು ಲೋಟ ಕಾಫಿ ಹಿಡಿದು ಬಂದಳು.

"ಇದು ನನ್ನ ಹಾಳಾದ ಚೌಕಕ್ಕೆ ಬದಲಿ ಅಲ್ಲ," ಎಂದಳು. "ಆ ಪ್ರಶ್ನೆಗೆ ಉತ್ತರ ಹೋಯ್ತು, ಹೋದ ಹಾಗೇ. ಆದ್ರೆ ಇನ್ನೊಂದು ಪ್ರಶ್ನೆಗೆ ಉತ್ತರ ಸಿಕ್ತು. ಅಗೆದು ಕಟ್ಟಿಟ್ಟರೆ ಎಣ್ಣೆ ಸಾಯಲ್ಲ. ಮುಂಚೆ ಇದ್ದಿದ್ದರಲ್ಲಿ ಹೆಚ್ಚುಪಾಲು ಹಾಗೇ ಇದೆ."

ಅವಳ ತುಟಿಯಲ್ಲಿ ಇಷ್ಟೇ ಇಷ್ಟು ನಗು ಇತ್ತು. ಅಷ್ಟಕ್ಕೇ ಪ್ರತಾಪ್ ಕಾಫಿಗೆ ಸಕ್ಕರೆ ಹಾಕಿಲ್ಲ ಎನ್ನುವುದನ್ನು ಮರೆತು ಕುಡಿದ.

ಸೋಮವಾರ ಅಧಿಕಾರಿ ಚೀಲದ ಮತ್ತು ಗೊಬ್ಬರ ಹಾಕಿದ ಚೌಕದ ಮಾದರಿಗಳೆರಡನ್ನೂ ಮೂಗಿಗೆ ಹಿಡಿದು ನೋಡಿ, ಪ್ರತಾಪನ ಕಡೆ ತಿರುಗಿದರು. "ಕಾಂಡ್ಲಾ ಒಳಗೆ ನಿಮ್ಮವರನ್ನು ಇಳಿಸಿದರೆ ಏನಾಗುತ್ತೆ?"

ಜಯರಾಮ ಹೇಳಿಕೊಟ್ಟ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಅದನ್ನು ನುಂಗಿಕೊಂಡ.

"ಬೇಡ ಸಾರ್. ನಮ್ಮ ಬೂಟು ಬಿದ್ದ ಕಡೆಯೆಲ್ಲ ಎಣ್ಣೆ ಕೆಸರಿನೊಳಗೆ ಇಳಿಯುತ್ತೆ. ಅಲ್ಲಿ ಗಾಳಿ ಇಲ್ಲ, ಈ ಚೀಲದ ಹಾಗೇ. ಮೇಡಂ ಹೇಳೋದೇ ಸರಿ."

ಅಧಿಕಾರಿ ಅಂಬುಜಾಳನ್ನು ಕೇಳಿದರು, "ಎಲ್ಲ ಎಣ್ಣೆಯನ್ನೂ ತಿಂದು ಮುಗಿಸುತ್ತವಾ?"

"ಇಲ್ಲ ಸಾರ್. ಗಟ್ಟಿ ಡಾಂಬರು ವರ್ಷಗಟ್ಟಲೆ ಉಳಿಯುತ್ತೆ. ಆದ್ರೆ ಬೇರು ಉಸಿರಾಡೋಕೆ ಸಾಕಾಗುವಷ್ಟು ತಿನ್ನುತ್ತೆ."

ತೇಲುವ ಡಾಂಬರಿನ ಉಂಡೆಗಳನ್ನು ದೋಣಿಯಿಂದಲೇ ಆರಿಸಬೇಕು, ಗಿಡಗಳ ನಡುವೆ ಯಾರೂ ಕಾಲಿಡಕೂಡದು, ಉಳಿದದ್ದು ಬ್ಯಾಕ್ಟೀರಿಯಾಗೆ ಎಂದು ಅಧಿಕಾರಿ ಹೇಳಿ ಹೊರಟರು. ಅರ್ಧ ಗಂಟೆ ಕಳೆಯುವುದರೊಳಗೆ ಜಯರಾಮನ ಫೋನೂ ಬಂತು. ಗಂಟುಮೂಟೆ ಕಟ್ಟುವ ಸಮಯ.

ನೀರು ಇಳಿಯುತ್ತಿತ್ತು. ಅಂಬುಜಾ ಕೈಗವಸು ಹಾಕಿಕೊಂಡೇ ಬಂದು ಪಕ್ಕದಲ್ಲಿ ನಿಂತಳು.

"ಕಾಕಿನಾಡ ಅಂತೆ?"

"ಮುಂದಿನ ವಾರ."

"ನಾನು ಗೆದ್ರೆ ನೀವು ಹೋಗಬೇಕಾಗುತ್ತೆ ಅಂತ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಆ ಚೀಲ ಹೊತ್ಕೊಂಡು ಬಂದ್ರಿ, ಪ್ರತಾಪ್?"

ಅವನು ಆಚೆ ದಡ ನೋಡಿದ. ಹೇಳದೆ ಹೋದರೆ ಕಾಕಿನಾಡದಲ್ಲಿ ನಿದ್ದೆ ಬರುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು.

"ಇಲ್ಲೇ ಉಳ್ಕೊಂಡು ನಿಮ್ಮ ಕಣ್ಣೆದುರಿಗೇ ಆ ಬೇರು ಅಗೆಸಿದ್ರೆ ನೀವು ನನ್ನ ಮುಖ ನೋಡ್ತಿದ್ರಾ? ನೀವಂದ್ರೆ ನನಗಿಷ್ಟ, ಅಂಬುಜಾ. ತುಂಬಾ. ಆ ಹಾಳು ಚೌಕ ಕೆರೆಸಿದ್ದೂ ಅದಕ್ಕೇನೇ."

ಅವಳು ನಕ್ಕೇಬಿಟ್ಟಳು. ಕಣ್ಣಂಚು ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಕೆಸರು ಮಾಡಿಕೊಂಡಳು.

"ನನಗೂ ನೀವು ಇಷ್ಟ. ಇಲ್ಲದಿದ್ರೆ ಅವತ್ತೇ ಅಳಿವೆಗೆ ತಳ್ಳಿರ್ತಿದ್ದೆ."

"ಆದ್ರೆ ಕಾಕಿನಾಡ ದೂರ ಅಲ್ವಾ..."

"ನಮ್ಮ ತಾತ, ಅಪ್ಪ ಇಬ್ಬರೂ ರೈಲ್ವೇ ಪಾ. ರೈಲು ಹೋಗೋ ಊರನ್ನ ನಮ್ಮನೇಲಿ ಯಾರೂ ದೂರ ಅನ್ನಲ್ಲ. ಭಾನುವಾರ ಅಣ್ಣಾ ನಗರ್‌ಗೆ ಊಟಕ್ಕೆ ಬನ್ನಿ, ಅಪ್ಪನೇ ಟೈಮ್ ಟೇಬಲ್ ಬಾಯಲ್ಲಿ ಹೇಳ್ತಾರೆ."

ಪ್ರತಾಪ್ ಕೈ ಮುಂದೆ ಚಾಚಿ, ಅದರ ತುಂಬ ಎಣ್ಣೆ ಕೆಸರಿರುವುದು ಕಂಡು ಹಿಂದೆ ಎಳೆದುಕೊಂಡ. ಅಂಬುಜಾ ತನ್ನ ಕೈಗವಸು ಬಿಚ್ಚಿ ಜೇಬಿಗೆ ತುರುಕಿ, ಅವನ ಕೈಯನ್ನು ಹಾಗೆಯೇ ಹಿಡಿದುಕೊಂಡಳು. ದೋಣಿಯವರು ಹೊತ್ತಾಯಿತೆಂದು ಕೂಗಿ ಕರೆದರೂ ಇಬ್ಬರೂ ಕೂಡಲೇ ಹೊರಡಲಿಲ್ಲ.