ಸೇತುವೆ ರಾಣಿಯ ಎಡಗೆನ್ನೆ

ಸೋಮವಾರ ಬೆಳಿಗ್ಗೆ 9.40ಕ್ಕೆ ವಸ್ತುಸಂಗ್ರಹಾಲಯದ ನಿರ್ದೇಶಕರು ಠಾಣೆಗೆ ಬಂದರು. ಹೆಡ್ ಕಾನ್‌ಸ್ಟೆಬಲ್ ದಡಬಡಿಸಿ ಎದ್ದು, ಕುರ್ಚಿಯನ್ನು ತನ್ನ ಕರವಸ್ತ್ರದಿಂದಲೇ ಒರೆಸಿ ಕೂರಿಸಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಬಡವರು ಬಂದರೆ ಆ ಮೀಸೆ ಮೇಲಕ್ಕೇಳುತ್ತಿತ್ತು, ದೊಡ್ಡವರು ಬಂದರೆ ತಾನಾಗಿ ಇಳಿಯುತ್ತಿತ್ತು.

"ರಾಣಿಯ ಮುಖ ಹೋಗಿದೆ," ಎಂದರು ನಿರ್ದೇಶಕರು.

"ಯಾವ ರಾಣಿ ಸಾರ್?"

"ಸೇತುವೆ ರಾಣಿ. ಸತ್ತು ಮುನ್ನೂರು ವರ್ಷ ಆಯ್ತು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಬುರುಡೆ ಬಿಡಬೇಡ ಎಂದು ಮೀಸೆ ಗದರುತ್ತಿದ್ದ.

"ಬುರುಡೆ ಇದೆ," ಎಂದರು ನಿರ್ದೇಶಕರು. "ಅದರ ಮೇಲಿನ ಮುಖ ಕಿತ್ತಿದ್ದಾರೆ."

ಊರಿನ ಹಳೆಯ ಕಲ್ಲುಸೇತುವೆ ಕಟ್ಟಿಸಿದ ರಾಣಿಯ ಸಮಾಧಿಯನ್ನು ಹಿಂದಿನ ವರ್ಷ ತೆರೆದಿದ್ದರು. ಅಲ್ಲಿ ಸಿಕ್ಕ ತಲೆಬುರುಡೆಯ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಜೇಡಿಮಣ್ಣಿನಲ್ಲಿ ರಾಣಿಯ ಮುಖವನ್ನು ಶಿಲ್ಪಿಯೊಬ್ಬ ಮತ್ತೆ ರೂಪಿಸಿದ್ದ. ಬುಧವಾರ ಮಂತ್ರಿಗಳಿಂದ ಅನಾವರಣ. ಭಾನುವಾರ ಸಂಜೆ ಯಾರೋ ಆ ಮುಖವನ್ನು ಕೆರೆದು ಹೋಗಿದ್ದರು. ವಸ್ತುಸಂಗ್ರಹಾಲಯದ ಸ್ವತ್ತಿಗೆ ಹಾನಿ ಎಂದು ಎಫ್‌ಐಆರ್ ಕಾಲು ಗಂಟೆಯಲ್ಲಿ ಸಿದ್ಧವಾಯಿತು. ದೊಡ್ಡವರ ದೂರಿಗೆ ಆ ಠಾಣೆಯಲ್ಲಿ ಪೆನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಮಾತು ಕಡಿಮೆಯ ಹೆಂಗಸು. 10.30ಕ್ಕೆ ಮೀಸೆಯನ್ನು ಕರೆದುಕೊಂಡು ವಸ್ತುಸಂಗ್ರಹಾಲಯದಲ್ಲಿದ್ದ ಶಿಲ್ಪಿಯ ಕೋಣೆಗೆ ಹೋದಳು. ಬೀಗ ಒಡೆದಿರಲಿಲ್ಲ, ಕಿಟಕಿ ಭದ್ರವಾಗಿತ್ತು. ಮೇಜಿನ ಮೇಲೆ ರಾಣಿಯ ತಲೆ. ಬಲಭಾಗ ಹಾಗೆಯೇ ಇತ್ತು: ಅಗಲವಾದ ಹಣೆ, ಅರ್ಧ ನಗು. ಎಡಗೆನ್ನೆ ಮತ್ತು ಮೂಗು ಮಾತ್ರ ಪ್ಲಾಸ್ಟರಿನವರೆಗೆ ಹೋಗಿದ್ದವು. ಕೆರೆದ ಮಣ್ಣು ಬುಟ್ಟಿಯಲ್ಲಿತ್ತು. ಟಿಕೆಟ್ ಕೊಡುವವನನ್ನೂ ತೋಟದವನನ್ನೂ ಪಂಚರನ್ನಾಗಿ ನಿಲ್ಲಿಸಿ ಮೀಸೆ ಪಂಚನಾಮೆ ಬರೆಯತೊಡಗಿದ.

ಮೂಲೆಯ ಸ್ಟೂಲಿನಲ್ಲಿ ಶಿಲ್ಪಿ ಕುಳಿತಿದ್ದ. ಕೆಲಸದವರ ಬಾಯಲ್ಲಿ ಆತ ಮಣ್ಣಜ್ಜ.

"ಈ ರಬ್ಬರ್ ತುಂಡುಗಳು ಯಾಕೆ?" ಕೆನ್ನೆಯ ಪ್ಲಾಸ್ಟರಿಗೆ ಅಂಟಿದ ಮೊಳೆಯಂಥ ತುಂಡುಗಳನ್ನು ತೋರಿಸಿ ಇನ್ಸ್‌ಪೆಕ್ಟರ್ ಕೇಳಿದಳು.

"ಅಳತೆಗೆ ತಾಯಿ. ಮುಖದಲ್ಲಿ ಎಲ್ಲೆಲ್ಲಿ ಎಷ್ಟು ದಪ್ಪ ಮಾಂಸ ಇರುತ್ತೆ ಅಂತ ಲೆಕ್ಕ ಇದೆ. ತುಂಡಿನ ತುದಿವರೆಗೆ ಮಣ್ಣು ತುಂಬಿದ್ರೆ ಮುಖ ಸುಮಾರಾಗಿ ಬರುತ್ತೆ."

"ಎಡಗಡೆ ತುಂಡುಗಳು ಒಳಗೆ ಹೋದ ಹಾಗಿವೆಯಲ್ಲ."

"ಮೂಳೆನೇ ಒಳಗೆ ಹೋಗಿದೆ. ಮುರಿದು, ಸೊಟ್ಟಗೆ ಕೂಡ್ಕೊಂಡಿದೆ. ಮೂಗೂ ಅಷ್ಟೇ. ಒಂದೇ ಸಲ ಮುರಿದಿದ್ದಲ್ಲ, ಬೇರೆ ಬೇರೆ ವರ್ಷದ ಏಟು."

"ಯುದ್ಧದಲ್ಲಾ?"

"ಕತ್ತಿ ಆದ್ರೆ ಮೂಳೆ ಸೀಳ್ತಿತ್ತು. ಇದು ಎದುರಿಗೆ ನಿಂತೋನ ಬಲಗೈ ಏಟು ಇರ್ಬೇಕು ಅಂತ ಮೂಳೆ ಡಾಕ್ಟರು ಬರೆದುಕೊಟ್ಟಿದ್ದಾರೆ."

ಮೀಸೆಯ ಪೆನ್ನು ನಿಂತಿತು. ರಾಜ ತನ್ನ ಜೀವಕ್ಕಿಂತ ಹೆಚ್ಚಾಗಿ ರಾಣಿಯನ್ನು ಪ್ರೀತಿಸಿದ ಎಂದು ಆ ಊರಿನ ಮಕ್ಕಳು ಮೂರು ತಲೆಮಾರಿನಿಂದ ಉರು ಹೊಡೆಯುತ್ತಿದ್ದರು. ಜೀವಕ್ಕಿಂತ ಹೆಚ್ಚಂತೆ! ಆ ಪ್ರೀತಿಯ ಗುರುತು ಇಲ್ಲಿ ಮೇಜಿನ ಮೇಲಿತ್ತು.

"ಮೊದಲು ಮೂಳೆ ಹೇಳಿದ ಹಾಗೇ ಮಾಡಿದ್ದೆ," ಎಂದ ಮಣ್ಣಜ್ಜ. "ಹೋದ ತಿಂಗಳು ಕಮಿಟಿಯವರನ್ನ, ಅವರವರ ಮನೆಯವರನ್ನ ಕರೆಸಿ ತೋರಿಸಿದ್ವಿ. ಡೈರೆಕ್ಟರ್ ಸಾಹೇಬ್ರು ಒಪ್ಪಲಿಲ್ಲ. ರಾಣಿ ಅಂದ್ರೆ ರಾಣಿ ಥರ ಇರ್ಬೇಕು, ಕುದುರೆ ಮೇಲಿಂದ ಬಿದ್ದಿರ್ತಾಳೆ, ಅದನ್ನೇನು ತೋರಿಸೋದು ಅಂದ್ರು. ಕೆನ್ನೆ ತುಂಬಿಸಿ, ಮೂಗು ನೆಟ್ಟಗೆ ಮಾಡಿದೆ. ಮಾಡಬಾರದಿತ್ತು."

ಮೀಸೆ ಇನ್ಸ್‌ಪೆಕ್ಟರಳ ಕಿವಿಯ ಹತ್ತಿರ ಬಂದ. "ಕೀಲಿ ಇವನ ಹತ್ರ, ಸಿಟ್ಟೂ ಇವನ ಹತ್ರ. ಎತ್ತಾಕ್ಕೊಂಡು ಹೋಗೋಣ ಮೇಡಂ."

ಇನ್ಸ್‌ಪೆಕ್ಟರ್ ಮಣ್ಣಿನ ಅಂಚಿಗೆ ಬಗ್ಗಿ ನೋಡಿದಳು. ಶಿಲ್ಪಿಯ ತಂತಿ ಕಡ್ಡಿ ಎಳೆದರೆ ಚಪ್ಪಟೆ ಗೆರೆ ಬೀಳುತ್ತದೆ; ಇಲ್ಲಿದ್ದವು ಸಣ್ಣ ಸಣ್ಣ ಗುಳಿ.

"ಚಮಚ," ಎಂದಳು. "ಅಡುಗೆಮನೆ ಚಮಚ."

ಮಣ್ಣಜ್ಜ ಭಾನುವಾರವಿಡೀ ಮಗಳ ಊರಲ್ಲಿದ್ದ. ಅಳಿಯ ಹೇಳಿದ, ಪಕ್ಕದ ಮನೆಯವರೂ ಹೇಳಿದರು. ಕೋಣೆಯ ಇನ್ನೊಂದು ಕೀಲಿ ನಿರ್ದೇಶಕರ ಮನೆಯಲ್ಲಿರುತ್ತಿತ್ತು. ಅವರು ಸಭಾಂಗಣದಲ್ಲಿ ಮಂತ್ರಿಗಳ ಕುರ್ಚಿ ಎಲ್ಲಿರಬೇಕು ಎಂದು ತಲೆಕೆಡಿಸಿಕೊಂಡಿದ್ದ ಹೊತ್ತಿನಲ್ಲಿ, ಮಧ್ಯಾಹ್ನ 2.15ಕ್ಕೆ, ಜೀಪು ಅವರ ಮನೆಯ ಮುಂದೆ ನಿಂತಿತು.

ಹೆಂಡತಿ ಬಾಗಿಲು ತೆಗೆದಳು. ಕೂದಲನ್ನು ಎಡಗೆನ್ನೆಯ ಮೇಲೆ ಇಳಿಬಿಟ್ಟಿದ್ದಳು. ಮೀಸೆ ಅವಳನ್ನು ನೋಡಿದವನೇ ನೆಲ ನೋಡಿದ. ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಕೀಲಿಯ ಬಳೆಗೆ ಕೆಂಪು ಮಣ್ಣು ಮೆತ್ತಿತ್ತು. ಎಣ್ಣೆ ಕಲಸಿದ ಆ ಜೇಡಿ ನೀರಿಗೆ ಹೋಗುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟಲಲ್ಲಿ ಸೀಮೆಎಣ್ಣೆ, ಅದರಲ್ಲಿ ಬಾಗಿದ ಸ್ಟೀಲ್ ಚಮಚ.

"ನಿನ್ನೆ ಸಂಜೆ ಎಲ್ಲಿದ್ರಿ?"

"ಮ್ಯೂಸಿಯಂನಲ್ಲಿ."

"ಒಬ್ಬರೇನಾ?"

"ಒಬ್ಬಳೇ. ಅವರು ಊಟಕ್ಕೆ ಹೊರಗೆ ಹೋಗಿದ್ರು."

"ಮುಖ ಕೆರೆದಿದ್ದು?"

"ನಾನೇ."

ಕಿಟಕಿಯ ಬೆಳಕಿಗೆ ಅವಳು ತಿರುಗಿದಾಗ ಕೂದಲು ಸರಿಯಿತು. ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಆ ಕಡೆಯ ಕಣ್ಣು ಚೂರು ಕೆಳಗಿತ್ತು. ಬೆಳಿಗ್ಗೆ ಇಂಥದೇ ಕೆನ್ನೆಯನ್ನು ಇನ್ಸ್‌ಪೆಕ್ಟರ್ ಪ್ಲಾಸ್ಟರಿನಲ್ಲಿ ನೋಡಿದ್ದಳು.

"ಯಾಕೆ ಮಾಡಿದ್ರಿ?"

"ಮೊದಲನೇ ಮುಖ ತೋರಿಸಿದಾಗ ನಾನೂ ಹೋಗಿದ್ದೆ. ಅಷ್ಟು ಜನರ ಮಧ್ಯೆ ನಿಂತು, ಇವಳಿಗೆ ಏನಾಗಿದೆ ಅಂತ ನನಗೆ ಮಾತ್ರ ಗೊತ್ತು ಅನ್ನಿಸ್ತು. ಕುದುರೆಯಿಂದ ಬಿದ್ದಿರ್ತಾಳೆ ಅಂತ ಇವರು ನಕ್ಕರು. ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಮೆಟ್ಟಿಲಿಂದ ಬಿದ್ದಳು ಅಂದಿದ್ರು, ಅದೇ ದನಿ. ಮೊನ್ನೆ ಹೊಸ ಮುಖ ನೋಡಿದೆ. ಕೆನ್ನೆ ತುಂಬಿಸಿ ನಗಿಸಿದ್ರು. ನನ್ನ ಗತಿ ನನಗಿರ್ಲಿ, ಸತ್ತವಳನ್ನೂ ಬಿಡಲ್ವಲ್ಲ ಅಂತ ತಡ್ಕೊಳ್ಳಕ್ಕಾಗ್ಲಿಲ್ಲ."

"ಠಾಣೆಗೆ ಯಾಕೆ ಬರಲಿಲ್ಲ?"

"ಬಂದಿದ್ದೆ. ಇವರನ್ನ ಕೇಳಿ." ಅವಳು ಮೀಸೆಯ ಕಡೆ ನೋಡಲೂ ಇಲ್ಲ. "ಹೋದ ವರ್ಷ. ಮುಖದ ಬಾವು ಇಳಿದಿರಲಿಲ್ಲ. ಮನೆ ವಿಷಯ ಅಮ್ಮ, ದೊಡ್ಡ ಮನುಷ್ಯರ ಮರ್ಯಾದೆ, ಹೊಂದ್ಕೊಂಡು ಹೋಗಿ ಅಂದ್ರು. ಆಟೋ ಕರೆದು ಕೂರಿಸಿದ್ದೂ ಇವರೇ."

ಮಣ್ಣಿನ ಕೆನ್ನೆಗೆ ಕಾಲು ಗಂಟೆಯಲ್ಲಿ ಎಫ್‌ಐಆರ್. ಜೀವಂತ ಕೆನ್ನೆಗೆ ಆಟೋ. ಇನ್ಸ್‌ಪೆಕ್ಟರ್ ಮೀಸೆಯನ್ನು ಬೈಯದೆ ಅವಳ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಿಮ್ಮನ್ನ ಅರೆಸ್ಟ್ ಮಾಡ್ತೀನಿ," ಎಂದಳು.

"ಮಾಡಿ."

"ಯಾಕೆ ಅಂತ ಕೇಳಿಸ್ಕೊಳ್ಳಿ. ಅರೆಸ್ಟ್ ಆದವರನ್ನ ಡಾಕ್ಟರಿಗೆ ತೋರಿಸ್ಬೇಕು. ಮೈಮೇಲಿರೋ ಗಾಯ, ಹಳೇದಾಗ್ಲಿ ಹೊಸದಾಗ್ಲಿ, ಡಾಕ್ಟರು ಬರೀಲೇಬೇಕು. ಹೇಗಾಯ್ತು ಅಂತ ನಿಮ್ಮನ್ನ ಕೇಳ್ತಾರೆ. ಪಕ್ಕದಲ್ಲಿ ಗಂಡ ಇರಲ್ಲ. ಆಮೇಲೆ ಜಾಮೀನು ಠಾಣೆಯಲ್ಲೇ ಸಿಗುತ್ತೆ."

ಅವಳು ಚಪ್ಪಲಿ ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಕೆನ್ನೆ ಒಂದು ಸಲ, ಪಕ್ಕೆಲುಬು ಎರಡು ಸಲ, ಎಡಗೈ ಕಿರುಬೆರಳು. ಇಷ್ಟು ತಿಳಿದ ಮೇಲೆ ನಿರ್ದೇಶಕನಿಗೆ ಬಹುವಚನ ಇನ್ನು ಸಾಕು.

ಸಂಜೆ 5.30ಕ್ಕೆ ಅವನು ಠಾಣೆಗೆ ಬಂದ. ಆರೋಪಿ ಸಿಕ್ಕ ಸುದ್ದಿ ಮುಟ್ಟಿತ್ತು. ಯಾರೆಂದು ಇನ್ಸ್‌ಪೆಕ್ಟರ್ ತಿಳಿಸಿರಲಿಲ್ಲ. ಈ ಸಲ ಕುರ್ಚಿಯನ್ನು ಯಾರೂ ಒರೆಸಲಿಲ್ಲ.

"ಯಾರವನು?"

"ಕೂತ್ಕೊಳ್ಳಿ. ಇನ್ನೊಂದು ಎಫ್‌ಐಆರ್ ಬರೀತಿದ್ದೀವಿ."

ಆಗ ಅವನು ಮೀಸೆಯ ಮೇಜಿನೆದುರು ಕುಳಿತಿದ್ದ ಹೆಂಡತಿಯನ್ನು ಕಂಡ. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು.

"ನಿನಗೇನು ಕೆಲಸ ಇಲ್ಲಿ? ಎದ್ದೇಳು. ಇನ್ಸ್‌ಪೆಕ್ಟರೇ, ಇದು ನಮ್ಮ ಮನೆ ವಿಷಯ."

ಅವಳು ಏಳಲಿಲ್ಲ. ಇಬ್ಬರು ಕಾನ್‌ಸ್ಟೆಬಲ್‌ಗಳು ಬಂದು ಅವನ ಎರಡೂ ಪಕ್ಕ ನಿಂತರು.

"ಹೆಂಡತಿಯ ಮೇಲೆ ಕ್ರೌರ್ಯ, ಮೂಳೆ ಮುರಿಯುವಂಥ ಗಾಯ," ಎಂದಳು ಇನ್ಸ್‌ಪೆಕ್ಟರ್. "ಬರೆದು ಮುಗಿದ ತಕ್ಷಣ ನಿಮ್ಮನ್ನ ದಸ್ತಗಿರಿ ಮಾಡ್ತೀನಿ. ಅಲ್ಲಿವರೆಗೆ ಕೂತ್ಕೊಳ್ಳಿ."

ಮೀಸೆ ಬರೆಯುತ್ತಿದ್ದ. ಒಂದು ಕಡೆ ಬಂದು ಪೆನ್ನು ನಿಂತುಬಿಟ್ಟಿತು. ಎಫ್‌ಐಆರ್ ನಮೂನೆಯಲ್ಲಿ ಒಂದು ಅಂಕಣವಿದೆ: ದೂರು ನೀಡಲು ವಿಳಂಬವಾದುದಕ್ಕೆ ಕಾರಣ.

"ಇಲ್ಲಿ ಏನಂತ ಬರೀಲಿ ಮೇಡಂ?"

"ನಡೆದಿದ್ದು ಬರೀರಿ."

"ಮೇಡಂ, ನನ್ನ ಸರ್ವೀಸು..."

"ಬರೀರಿ."

ಅವನು ಬರೆದ. ಬರೆದದ್ದನ್ನು ದೂರುದಾರರಿಗೆ ಓದಿ ಹೇಳಿ ಸಹಿ ಪಡೆಯುವುದು ನಿಯಮ. ಮೀಸೆ ಎದ್ದು ನಿಂತು, ಗಂಡ ಕೇಳುತ್ತಿರುವಂತೆ, ಮೊದಲಿನಿಂದ ಓದಿದ. ಕೊನೆಗೆ ಆ ಅಂಕಣಕ್ಕೆ ಬಂದ.

"ದೂರುದಾರರು ಕಳೆದ ವರ್ಷವೇ ಠಾಣೆಗೆ ಬಂದಿದ್ದರು. ದೂರು ತೆಗೆದುಕೊಳ್ಳದೆ ಅವರನ್ನು ವಾಪಸ್ ಕಳಿಸಿದವನು ನಾನು."

"ಇನ್ನೊಂದು ಸಲ ಓದಿ," ಎಂದಳು ಹೆಂಡತಿ.

ಅವನು ಇನ್ನೊಂದು ಸಲ ಓದಿದ. ಅವಳು ಪೆನ್ನು ಕೇಳಿ ಪಡೆದು ಸಹಿ ಹಾಕಿದಳು.