ಗಂಟಿನೊಳಗಿನ ಜಾಲರಿ

ಪುಟ್ಟ ಡಬ್ಬಿಯ ಮೇಲಿನ ಹೆಸರು ಓದಿದ ಸುಕನ್ಯಾ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು. ಹನುಮೇಶ, ಊರು ನವಲಿ. ಕುತ್ತಿಗೆಯ ಗಂಟಿನ ತುಣುಕು. ಕ್ಯಾನ್ಸರ್ ಇರಬಹುದೆಂಬ ಅನುಮಾನ.

ಹೋದ ವಾರ ತಮ್ಮಿಬ್ಬರ ಮದುವೆಯ ನಿಶ್ಚಯ ಮುಂದೂಡಿ, ಕಾರಣ ಕೇಳಿದರೆ ತುಟಿಪಿಟಕ್ಕೆನ್ನದಿದ್ದ ಅದೇ ಮಾಸ್ತರ! ತಾನೇ ಬೇಡವಾದೆನೆಂದು ಎಂಟು ದಿನ ಅನ್ನ ಬಿಟ್ಟು ಅತ್ತಿದ್ದಳು. ಅವಳು ಗಂಗಾವತಿಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಎಂದು ಗೊತ್ತಿದ್ದೂ ಗಂಟು ಮುಚ್ಚಿಟ್ಟ ಈ ಮಹಾಜಾಣನಿಗೆ, ತುಣುಕು ಅವಳ ಕೈಗೇ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ರಿಪೋರ್ಟಿನ ದಿನ ಬಂದವನು ಅವಳನ್ನು ಕಂಡವನೇ ಮಫ್ಲರ್ ಬಿಗಿದುಕೊಂಡ. ಅದೂ ಆ ಬಿರುಬಿಸಿಲಿನಲ್ಲಿ.

"ತಗೀರಿ ಅದನ್ನ. ಒಳಗಿಂದ ನಾ ನೋಡೇ ಬಿಟ್ಟೀನಿ."

ಅವನ ಕಿವಿಗಳು ಕೆಂಪಾದವು. "ಏನ್ ಕಂಡತು?"

"ರೋಗ ಐತೋ ಇಲ್ಲೋ ಡಾಕ್ಟರ್ ಮೇಡಂ ಹೇಳ್ತಾರ. ನಂಗ ಮೈಕ್ರೋಸ್ಕೋಪಿನ್ಯಾಗ ಜಾಲರಿ ಕಂಡತು. ರೋಗದ ಜೋಡಿ ಬಡದಾಡೋ ಕೋಶ ಬ್ಯಾರೆ ಇರ್ತಾವ್ರಿ. ಅವಕ್ಕ ಹಾದಿ ತೋರ್ಸಿ, ಜಾಗ ಕೊಟ್ಟು, ಜೀವ ಹಿಡ್ಕೊಂಡಿರಾಕ ಬೇಕಾದ್ದು ಒದಗ್ಸೋ ಕೋಶ ಬ್ಯಾರೆ. ಆ ಕೋಶನ ಈ ಜಾಲರಿ ಹೆಣೀತಾವ."

"ಅವು ಬಡದಾಡೂದಿಲ್ಲೇನು?"

"ಇಲ್ಲ. ಆದ್ರ ಅವು ಇಲ್ಲಂದ್ರ ಬಡದಾಡೋವು ದಿಕ್ಕು ತಪ್ತಾವ."

ಅವನು ನೆಲ ನೋಡಿದ. "ರಿಪೋರ್ಟ್ ಛಲೋ ಬಂದ್ರ ನಾಳೆನ ನಿಮ್ಮಪ್ಪಾರ ಕಡೆ ಬರ್ತೀನಿ. ಇಲ್ಲಂದ್ರ ನೀ ಬ್ಯಾರೆ ಕಡೆ ನೋಡ್ಕೋ."

ಅವಳ ಸಿಟ್ಟು ನೆತ್ತಿಗೇರಿತು. ಇಷ್ಟು ಪ್ರೀತಿ ಇಲ್ಲದಿದ್ದರೆ ಎದ್ದು ಹೋಗಿಯೇ ಬಿಡುತ್ತಿದ್ದಳು.

"ಕಾಗದ ನೋಡಿ ಹೂಂ ಅಂದ್ರ ಅದು ಕಾಗದ ಅಂದಿದ್ದು, ನೀವು ಅಂದಿದ್ದಲ್ಲ. ಈಗ ಹೇಳ್ರಿ."

"ನಿನ್ನ ಬಾಳೇವು ಹಾಳು ಮಾಡ್ಲೇನು?"

"ನಿಮ್ಮ ಬದ್ಲಿ ಬಡದಾಡ್ತೀನಿ ಅಂದಿಲ್ರಿ. ಹತ್ರ ನಿಂದರ್ತೀನಿ ಅನ್ನಾಕತ್ತೀನಿ."

ಅವನು ಕಣ್ಣೆತ್ತಿ ನೋಡಿದ. ಅವಳ ಅತ್ತು ಅತ್ತು ಊದಿದ ರೆಪ್ಪೆಗಳು, ಲ್ಯಾಬಿನ ಬಣ್ಣದ ಕಲೆ ಹತ್ತಿದ ಬೆರಳುಗಳು.

ಅಷ್ಟರಲ್ಲಿ ಡಾಕ್ಟರ್ ಭವಾನಿ ಲಕೋಟೆ ಹಿಡಿದು ಬಾಗಿಲಿಗೆ ಬಂದರು. ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ.

"ಹನುಮೇಶ ಅವ್ರ, ಒಳಗ ಬರ್ರಿ. ಮನಿ ಮಂದಿ ಯಾರರ ಬಂದಾರೇನು?"

ಅವನು ಎದ್ದ. ಮಫ್ಲರ್ ಬಿಚ್ಚಿ ಕುರ್ಚಿಯ ಮೇಲಿಟ್ಟ.

"ಅದಾಳ್ರಿ ಮೇಡಂ," ಎಂದ. "ನಿಮ್ಮ ಹತ್ರಾನ ಕೆಲಸ ಮಾಡ್ತಾಳ."