ಎದುರಿನ ಕುರ್ಚಿ

"ಯಾರ್ರೀ ನಿಮಗೆ ಅಲ್ಲಿ ಕೂರೋಕೆ ಹೇಳಿದ್ದು?"

ಬೆಚ್ಚಿಬಿದ್ದ ಅವಳ ಕೈಯಲ್ಲಿದ್ದ ಅಳತೆ ಟೇಪು ಸರ್ರನೆ ಸುತ್ತಿಕೊಂಡಿತು. ಫೋನಿನಲ್ಲಿ ಮಾತಾಡುತ್ತಲೇ ಮನೆಯ ಬಾಗಿಲು ತೆರೆದು, "ಒಂದ್ನಿಮಿಷ" ಎಂದು ಒಳಗೆ ಹೋಗಿದ್ದವನು ಈಗ ಹುಬ್ಬು ಗಂಟಿಕ್ಕಿಕೊಂಡು ಎದುರಿಗೇ ನಿಂತಿದ್ದ. ಅಬ್ಬಾ, ಆ ಕಣ್ಣುಗಳು!

"ಸಾರಿ... ನಿಮ್ಮ ಆಫೀಸನ್ನ ಹೊಸದಾಗಿ ವಿನ್ಯಾಸ ಮಾಡ್ತಿರೋಳು ನಾನೇ. ಯಾರ ಜಾಗ ಮಾಡ್ಬೇಕೋ ಅವರ ಕುರ್ಚೀಲಿ ಒಂದ್ಸಲ ಕೂತು ನೋಡ್ದೆ ನಾನು ಒಂದು ಗೆರೆನೂ ಎಳೆಯಲ್ಲ."

"ಅಂದ್ರೆ, ನಾವು ಮನೇಲಿ ಕೆಲಸ ಮಾಡ್ತೀವೋ ಗೊರಕೆ ಹೊಡೀತೀವೋ ಅಂತ ನೋಡ್ಕೊಂಡು ಬರೋಕೆ ಮ್ಯಾನೇಜರ್ ಕಳ್ಸಿದಾರೆ!"

"ಅಯ್ಯೋ, ಇಲ್ಲಪ್ಪಾ!"

ನಕ್ಷೆ ತಯಾರಿಸುವ ಕಂಪನಿ ಅದು. ಎರಡು ವರ್ಷದಿಂದ ಎಲ್ಲರಿಗೂ ಮನೆಯೇ ಆಫೀಸು. ಎಲ್ಲರೂ 'ನಕ್ಷೆರಾಯ' ಎಂದು ಕರೆಯುತ್ತಿದ್ದ ಇವನ ಬಗ್ಗೆ ಮ್ಯಾನೇಜರ್ ಮೊದಲೇ ಎಚ್ಚರಿಸಿದ್ದರು. "ಅವನೊಬ್ಬ ಬಂದ್ರೆ ಎಲ್ರೂ ಬರ್ತಾರಮ್ಮ. ಇಲ್ಲಾಂದ್ರೆ ನಿಮ್ಮ ಚಂದದ ಆಫೀಸಲ್ಲಿ ನಾನೊಬ್ನೇ ನೊಣ ಹೊಡೀತಾ ಕೂರ್ಬೇಕು!"

"ಸರಿ, ಕೂತಿದ್ದಾಯ್ತಲ್ಲ. ಏನು ಕಾಣಿಸ್ತು?" ಅವನ ದನಿಯಲ್ಲಿ ಈಗ ಕೋಪಕ್ಕಿಂತ ಕುತೂಹಲವೇ ಹೆಚ್ಚಿತ್ತು.

"ಬೆಳಕು ಎಡಗಡೆಯಿಂದ ಬರತ್ತೆ. ಕಾಲಿಡೋಕೆ ಹಳೇ ಪುಸ್ತಕದ ಕಟ್ಟು ಇದೆ. ತಲೆ ಎತ್ತಿದ್ರೆ..."

ಮೇಜಿನ ಆಚೆಗೆ ಇನ್ನೊಂದು ಕುರ್ಚಿ. ಅದರ ಬೆನ್ನಿಗೆ ಹೆಂಗಸರ ಹಸಿರು ಶಾಲು. ಮೇಜಿನ ಮೇಲೆ ಎರಡು ಲೋಟ.

'ಹೆಂಡತಿ ಇಲ್ಲೇ ಕೂರ್ತಾಳೆ. ಗಂಡನ ಮುಖ ನೋಡ್ಕೊಂಡು...' ಎದೆಯೊಳಗೆ ಏನೋ ಚುಚ್ಚಿತು. ಪರಿಚಯವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಚುಚ್ಚುವುದಕ್ಕೇನಿತ್ತು ಹೇಳಿ!

ಆಮೇಲೆ ಅವಳು ಉಳಿದ ನೌಕರರ ಇಪ್ಪತ್ತು ಮನೆ ಸುತ್ತಿದಳು. ಒಬ್ಬರು ಇಸ್ತ್ರಿ ಮೇಜಿನ ಮುಂದೆ ನಿಂತೇ ಕೆಲಸ ಮಾಡುತ್ತಿದ್ದರು. ಒಬ್ಬಳು ಮಗುವಿನ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಇನ್ನೊಬ್ಬರಿಗೆ ಬಾಲ್ಕನಿ ಇಲ್ಲದಿದ್ದರೆ ತಲೆಯೇ ಓಡದು. ಅವಳ ಚಿತ್ರದ ಪುಟಗಳಲ್ಲಿ ಆಫೀಸು ಮೆಲ್ಲಗೆ ಮನೆಯಾಗತೊಡಗಿತು. ಎತ್ತರದ ಮೇಜು, ನೆಲಕ್ಕೆ ದಿಂಬು, ತೆರೆಯುವ ಕಿಟಕಿ, ಬೇಕಾದ ಕಡೆ ತಳ್ಳಿಕೊಂಡು ಹೋಗಲು ಎಲ್ಲ ಮೇಜಿಗೂ ಚಕ್ರ.

ನಕ್ಷೆರಾಯನ ಫೋನು ದಿನವೂ ಬರುತ್ತಿತ್ತು.

"ಕಿಟಕಿ ನಿಜವಾಗ್ಲೂ ತೆರೆಯತ್ತಾ? ಗಲಾಟೆ ಜಾಸ್ತಿಯಾದ್ರೆ ಓಡಿಹೋಗೋಕೆ ಮೂಲೆ ಇದೆಯಾ? ನೀವು... ಊಟ ಮಾಡಿದ್ರಾ?"

ಆ ಮೂರನೇ ಪ್ರಶ್ನೆಗೆ ಅವಳ ಜೀವ ಝಲ್ಲೆನ್ನುತ್ತಿತ್ತು. 'ಮದುವೆಯಾದವನ ಫೋನಿಗೆ ಕಾಯ್ತೀಯಲ್ಲೇ, ನಿನಗೆ ಬುದ್ಧಿ ಇದೆಯಾ?' ಎಂದು ತನ್ನನ್ನೇ ಬೈದುಕೊಂಡು ಫೋನೆತ್ತುವುದನ್ನು ನಿಲ್ಲಿಸಿದಳು. ಅವನ ಜಾಗದ ಚಿತ್ರದಲ್ಲಿ ಎದುರಿನ ಕುರ್ಚಿಯನ್ನು ಅಳಿಸಿ, ಗೋಡೆಗೆ ಮುಖಮಾಡಿ ಮೇಜು ಬರೆದಳು. ಕಂಡದ್ದನ್ನು ಬರೆಯದೇ ಇದ್ದದ್ದು ಅದೇ ಮೊದಲು.

ಮೂರು ತಿಂಗಳ ನಂತರ ಆಫೀಸು ತೆರೆಯಿತು. ಅವನು ಬರುತ್ತಾನೆಂಬ ಸುದ್ದಿಗೇ ಎಲ್ಲರೂ ಬಂದಿದ್ದರು, ಕೊನೆಗೆ ಅವನೂ ಬಂದ. ಮ್ಯಾನೇಜರ್ ಮುಖ ಊರಗಲವಾಯಿತು. ಅವನು ಮಾತ್ರ ತನ್ನ ಮೇಜಿನ ಮುಂದೆ ನಿಂತುಬಿಟ್ಟ.

"ಬೆಳಕು ಎಡಕ್ಕಿದೆ. ಕಾಲುಮಣೆನೂ ಇದೆ. ಆದ್ರೆ ಎದುರಿಗೆ ಗೋಡೆ ಯಾಕೆ?"

"ಮತ್ತಿನ್ನೇನು? ನಿಮ್ಮ ಹೆಂಡತೀನ ಆಫೀಸಿಗೆ ಕರ್ಕೊಂಡು ಬರೋಕಾಗತ್ತಾ?" ಅವಳು ಕೈಯಲ್ಲಿದ್ದ ಟೇಪನ್ನು ಎಳೆದು ಸರ್ರನೆ ಬಿಟ್ಟಳು.

"ಯಾವ ಹೆಂಡತಿ?!"

"ಆ ಕುರ್ಚಿ... ಹಸಿರು ಶಾಲು..."

ಅವನು ಒಂದು ಕ್ಷಣ ಬೆಪ್ಪಾಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದು ನಮ್ಮ ದೊಡ್ಡಮ್ಮಂದು ಕಣ್ರೀ! ಅಲ್ಲಿ ಬೆಳಕು ಚೆನ್ನಾಗಿದೆ ಅಂತ ಗುಂಡಿ ಹೊಲಿಯೋಕೆ ಕೂರ್ತಿದ್ರು. ಅವತ್ತು ಅಂಗಡಿಗೆ ದಾರ ತರೋಕೆ ಹೋಗಿದ್ರು. ಇದಕ್ಕಾ ಫೋನ್ ಎತ್ತದೇ ನನ್ನ ಸಾಯಿಸಿದ್ದು?"

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಪ್ಪತ್ತು ಮನೆಯಲ್ಲಿ ಎಲ್ಲರನ್ನೂ ಕೇಳಿ ಕೇಳಿ ಬರೆದುಕೊಂಡವಳು ಇವನೊಬ್ಬನನ್ನು ಕೇಳಿರಲಿಲ್ಲ! ಮೇಜಿನ ತುದಿ ಹಿಡಿದು ತಳ್ಳಿದಳು. ಚಕ್ರಗಳು ಗರಗರನೆ ಉರುಳಿ, ಮೇಜು ಗೋಡೆಗೆ ಬೆನ್ನುಹಾಕಿ ನಿಂತಿತು. ಅವನು ತಾನೇ ಒಂದು ಕುರ್ಚಿ ಎಳೆದು ಎದುರಿಗಿಟ್ಟ.

"ನಿಮ್ಮ ಕೆಲಸ ಇಲ್ಲಿ ಇವತ್ತಿಗೆ ಮುಗೀತಾ?"

"ಹೂಂ... ಮುಗೀತು."

"ಹಾಗಾದ್ರೆ ಈ ಕುರ್ಚಿ ಯಾರಿಗಾದ್ರೂ ಇರ್ಲಿ. ಮನೇದು ಮಾತ್ರ ನಿಮಗೆ."

"ದೊಡ್ಡಮ್ಮ ಬಿಟ್ಟುಕೊಡ್ತಾರಾ?" ಕಣ್ಣಲ್ಲಿ ನೀರಿದ್ದರೂ ಅವಳಿಗೆ ನಗು ಬಂತು.

"ನೀವು ಬಂದುಹೋದ ಮರುದಿನಾನೇ ಗಂಟು ಎತ್ಕೊಂಡು ಸೋಫಾಗೆ ಹೋದ್ರು. 'ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೋ, ಖಾಲಿ ಇರ್ಲಿ ಬಿಡು' ಅಂದ್ರು. ಮೂರು ತಿಂಗಳಿಂದ ಆ ಖಾಲಿ ಕುರ್ಚಿ ನೋಡ್ಕೊಂಡೇ ಕೆಲಸ ಮಾಡಿದೀನಿ. ಇನ್ನು ತಡ್ಕೊಳ್ಳೋಕಾಗ್ಲಿಲ್ಲ... ಅದಕ್ಕೇ ಆಫೀಸಿಗೆ ಬಂದೆ."

ಅವಳು ಕಣ್ಣೊರೆಸಿಕೊಂಡು ಟೇಪನ್ನು ಚೀಲಕ್ಕೆ ಹಾಕಿದಳು.

"ಸಂಜೆ ಎಷ್ಟು ಗಂಟೆಗೆ ಬರ್ಲಿ?"

"ಅಳತೆ ತಗೊಳ್ಳೋಕಾ?"

"ಅಲ್ಲ... ಕೂರೋಕೆ."